ನೂರಿಪ್ಪತ್ತು ಬೈ ಎಂಬತ್ತು

ಭದ್ರಾವತಿ
ಗುರುವಾರ, 12 ಜೂನ್ 2025

ಪ್ರೀತಿಯ ಪ್ರೇಮಕ್ಕನಿಗೆ ಸುಮನಾಳ ನಮಸ್ಕಾರಗಳು.

ಕೂಗಿದರೆ ಕೇಳಿಸುವಷ್ಟು ಹತ್ತಿರದ ಶಿವಮೊಗ್ಗಕ್ಕೆ ಇವಳು ಕಾಗದ ಬರೆದಿದ್ದಾಳಲ್ಲ ಎಂದು, ಕನ್ನಡಕ ಹುಡುಕುವಾಗಲೇ ನೀವು ನಗಲು ಶುರು ಮಾಡಿರುತ್ತೀರಿ. ನಗಿ. ಫೋನಿನಲ್ಲಿ ನಿಮ್ಮ ಹತ್ತಿರ ಗಂಭೀರವಾದ ಮಾತು ಆಡಲು ಆಗುವುದಿಲ್ಲ, ಅದಕ್ಕೇ ಈ ಕಾಗದ. ಹೋದ ವಾರ ಒಂದು ಮುಖ್ಯ ವಿಷಯ ಕೇಳಬೇಕೆಂದೇ ಫೋನ್ ಮಾಡಿದ್ದೆ. ವಿನೋಬನಗರದ ನಿಮ್ಮ ಪಕ್ಕದ ಮನೆಯವರು ಹೊಸ ವಾಷಿಂಗ್ ಮಷೀನಿಗೆ ಪೂಜೆ ಮಾಡಿ, ಕುಂಕುಮದ ಬಟ್ಟಲನ್ನು ಅದರೊಳಗೇ ಮರೆತು ಬಟ್ಟೆ ಒಗೆದ ಕಥೆ ಹೇಳಿದಿರಿ. ಫೋನ್ ಇಟ್ಟ ಮೇಲೆ ನೆನಪಾಯಿತು, ಕೇಳಬೇಕಾದದ್ದನ್ನು ಕೇಳಲೇ ಇಲ್ಲ ಎಂದು. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ. ನಮ್ಮ ಯಜಮಾನರು ಮಧು ಅವರಿಗೆ ಕೆಲಸ ಶಿವಮೊಗ್ಗದಲ್ಲೇ, ದಿನಾ ಬಸ್ಸಿನ ಓಡಾಟ. ಅತ್ತೆ ಮಹಾಂತಮ್ಮನವರ ಬಿ.ಪಿ. ನಮ್ಮ ಮನೆಗೆ ರೇಡಿಯೋದ ಪ್ರದೇಶ ಸಮಾಚಾರವಿದ್ದ ಹಾಗೆ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕುರ್ಚಿಯಲ್ಲಿ ಕೂತು ನನ್ನ ಕಡೆ ತೋಳು ಚಾಚುತ್ತಾರೆ. ಗಿಡ್ಡ ತೋಳಿನ ರವಿಕೆ, ಪಟ್ಟಿ ಸುತ್ತಲು ಅರ್ಧ ನಿಮಿಷ ಸಾಕು. ನೂರ ಮೂವತ್ತಾರು ಬಂದರೆ ಅಕ್ಕಪಕ್ಕದ ಮೂರು ಮನೆಗೆ ಸುದ್ದಿ ಹೋಗುತ್ತದೆ, ನೂರೈವತ್ತು ದಾಟಿದರೆ ನಾದಿನಿಗೆ ಫೋನ್ ಹೋಗುತ್ತದೆ, ಅವತ್ತು ಮನೆಯವರೆಲ್ಲರ ಸಾರಿಗೂ ಉಪ್ಪು ಕಡಿಮೆ. ಇಷ್ಟು ದಿನ ನನಗೆ ಇದರಲ್ಲಿ ತಮಾಷೆ ಮಾತ್ರ ಕಾಣುತ್ತಿತ್ತು. ಈಚೆಗೆ ಆ ತೋಳು ಮುಂದೆ ಬಂದಾಗಲೆಲ್ಲ ಸಾಮಿಲ್ ಬೀದಿಯ ಯೋಚನೆ ಬರುತ್ತದೆ. ನಮ್ಮ ಮನೆಯಿಂದ ಅಲ್ಲಿಗೆ ಎಂಟು ನಿಮಿಷದ ನಡಿಗೆ.

ನೀವು ಇಪ್ಪತ್ತೆಂಟು ವರ್ಷ ಸಿಸ್ಟರ್ ಆಗಿದ್ದ ಆರೋಗ್ಯ ಕೇಂದ್ರದಲ್ಲಿ, ನಿಮ್ಮದೇ ಕುರ್ಚಿಯಲ್ಲಿ, ನಾನು ಕೂತು ಇದು ಆರನೇ ತಿಂಗಳು. ಕೇಂದ್ರಕ್ಕೆ ಸೇರಿದ ಬೀದಿಗಳಲ್ಲೆಲ್ಲ ಸಾಮಿಲ್ ಬೀದಿ ನಿಮಗೆ ಹೆಚ್ಚು ಇಷ್ಟ ಎಂದು ಎಲ್ಲರೂ ಹೇಳುತ್ತಾರೆ. ಮುಸ್ಲಿಮರ ಮನೆಗಳೇ ಹೆಚ್ಚು, ಕೊನೆಗೆ ಕಾರ್ಖಾನೆಯ ಕಾಲದಲ್ಲಿ ಬಂದು ಇಲ್ಲೇ ಉಳಿದ ನಾಲ್ಕಾರು ತಮಿಳು ಮನೆ. ನಾನು ಹೋದರೆ ಈಗಲೂ ಮೊದಲು ಕೇಳುವುದು ಪ್ರೇಮಕ್ಕ ಹೇಗಿದ್ದಾರೆ ಎಂದೇ. ನನ್ನನ್ನು ಕೇಳುವುದು ಆಮೇಲೆ, ಅದೂ ನೆನಪಾದರೆ.

ಈ ಎಲ್ಲ ಶುರುವಾದದ್ದು ಮೇ ತಿಂಗಳ ಪರಿಶೀಲನಾ ಸಭೆಯಲ್ಲಿ. ಸಾಮಿಲ್ ಬೀದಿಯಲ್ಲಿ ಮೂವತ್ತು ದಾಟಿದ ಹೆಂಗಸರು ಅರವತ್ತಮೂರು. ಮೂರು ನಾಲ್ಕು ತಿಂಗಳಿಗೊಮ್ಮೆ ಶಿಬಿರ. ಶಿಬಿರಗಳಲ್ಲಿ ಬಿ.ಪಿ. ಹೆಚ್ಚು ಬಂದವರ ಸಂಖ್ಯೆ ಸೊನ್ನೆ. ಪರದೆಯ ಮೇಲೆ ಆ ಸೊನ್ನೆ ಕಂಡ ಸಾಹೇಬರು, ಈ ಬೀದಿಯವರು ಏನು ಊಟ ಮಾಡುತ್ತಾರೆ ಕೇಳಿಕೊಂಡು ಬಾಮ್ಮ, ನಾವೂ ಅದನ್ನೇ ಮಾಡೋಣ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅದೇ ವಾರ ಜ್ಞಾನೇಶ್ ಫೋನ್ ಮಾಡಿದ. ನನ್ನ ಜೊತೆ ಓದಿದವನು, ಈಗ ಶಿವಮೊಗ್ಗದಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ನಿಮ್ಮ ಸಾಮಿಲ್ ಬೀದಿಯವರು ಯಾವ ನೀರು ಕುಡಿಯುತ್ತಾರೆ ಮಾರಾಯ್ತಿ ಎಂದು ಕೇಳಿದ. ಭದ್ರಾವತಿಯಿಂದ ವಾರಕ್ಕೆರಡು ಸಲ ಅವನ ಹತ್ತಿರ ಬರುವವರು ಇಪ್ಪತ್ತೆರಡು ಜನ. ಅವರಲ್ಲಿ ಐವರು ಸಾಮಿಲ್ ಬೀದಿಯವರು, ಐವರಲ್ಲಿ ನಾಲ್ವರು ಹೆಂಗಸರು. ಬಿ.ಪಿ. ಏರಿ ಏರಿ, ಯಾರಿಗೂ ಗೊತ್ತಾಗದೆ ಕಿಡ್ನಿ ಹಾಳಾದದ್ದು ಎಂದು ಅವರ ಫೈಲುಗಳಲ್ಲಿ ಬರೆದಿದೆಯಂತೆ. ಒಬ್ಬರು ಊಟದ ಗುಟ್ಟು ಕೇಳುತ್ತಾರೆ, ಇನ್ನೊಬ್ಬ ನೀರಿನ ದೋಷ ಕೇಳುತ್ತಾನೆ. ಇಬ್ಬರೂ ಕೇಳುತ್ತಿರುವುದು ಒಂದೇ ಬೀದಿಯ ಬಗ್ಗೆ.

ನನಗೆ ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಒಲೆಯ ಮೇಲೆ ಹಾಲಿಟ್ಟದ್ದೂ ನೆನಪಿರುವುದಿಲ್ಲ. ಮೂರು ದಿನ ಅದೇ ಧ್ಯಾನ. ಆ ಬೀದಿಯವರ ಮನೆಯಲ್ಲಿ ಕೂತು ಏನು ತಿನ್ನುತ್ತಾರೆ ಎಂದು ನಿಜವಾಗಿಯೂ ವಿಚಾರಿಸಿದೆ. ನಾವು ತಿನ್ನುವಷ್ಟೇ ಉಪ್ಪು, ನಾವು ತಿನ್ನುವಷ್ಟೇ ಉಪ್ಪಿನಕಾಯಿ. ನೀರು ನಮಗೆ ಬರುವ ನಲ್ಲಿಯದೇ. ಕೇಂದ್ರದಲ್ಲಿ ಒಬ್ಬರನ್ನು ಕೇಳಿದರೆ, ಆ ಕಡೆಯವರು ಪರೀಕ್ಷೆಗೆ ಎಲ್ಲಿ ಬರುತ್ತಾರೆ ಬಿಡಿ ಸಿಸ್ಟರ್ ಎಂದರು. ಹೌದಿರಬಹುದು ಎಂದುಕೊಂಡು ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿ ನೋಡಿದರೆ ಅದೂ ಸುಳ್ಳು. ಪ್ರತಿ ಶಿಬಿರಕ್ಕೂ ಐವತ್ತಕ್ಕೆ ಕಡಿಮೆ ಇಲ್ಲದಂತೆ ಬಂದಿದ್ದಾರೆ, ಸಾಲಿನಲ್ಲಿ ನಿಂತಿದ್ದಾರೆ, ಹೆಬ್ಬೆಟ್ಟೋ ಸಹಿಯೋ ಹಾಕಿ ಹೋಗಿದ್ದಾರೆ. ಬಾರದವರನ್ನು ಕರೆತರುವುದು ಹೇಗೆಂದು ನಮಗೆ ಎಷ್ಟೊಂದು ತರಬೇತಿ ಕೊಟ್ಟಿದ್ದಾರೆ ಅಕ್ಕ. ಇವರು ಬಂದಿದ್ದರು.

ಬಂದವರ ಹೆಸರಿನ ಮುಂದೆ 120/80. ಅದರ ಕೆಳಗೆ 120/80. ಪುಟ ತಿರುಗಿಸಿದರೆ ಅಲ್ಲೂ ಅದೇ. ಎಪ್ಪತ್ತು ವರ್ಷದ ಅಜ್ಜಿಗೂ ಅದೇ, ಮೂವತ್ತೊಂದರ ಸೊಸೆಗೂ ಅದೇ. ಡಯಾಲಿಸಿಸ್‌ಗೆ ಹೋಗುವ ಆ ನಾಲ್ವರ ಹೆಸರು ಹುಡುಕಿದೆ. ಮೊದಲ ಸಲ ಆಸ್ಪತ್ರೆ ಸೇರುವ ಹಿಂದಿನ ತಿಂಗಳೂ ಅವರಿಗೆ 120/80. 80ರಲ್ಲಿನ ಆ ಎಂಟು ಯಾರ ಕೈಬರಹ ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಮೇಲೊಂದು ಸೊನ್ನೆ, ಅದಕ್ಕೆ ತಾಗಿಯೂ ತಾಗದ ಹಾಗೆ ಕೆಳಗೊಂದು ಸೊನ್ನೆ. ನೀವು ನನಗೆ ಕೆಲಸ ಒಪ್ಪಿಸುವಾಗ ಬರೆದುಕೊಟ್ಟ ಪಟ್ಟಿಯಲ್ಲೂ ಅಂಥ ಎಂಟುಗಳೇ ಇವೆ.

ಮುಚ್ಚಿಟ್ಟು ಏನು ಪ್ರಯೋಜನ, ನಿಮ್ಮ ಮೇಲೆ ತುಂಬಾ ಸಿಟ್ಟು ಬಂತು. ಅವತ್ತು ಮನೆಗೆ ಹೋಗಿ ಮಧು ಅವರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಪೋಲಿಯೋ ಹನಿ ಹಾಕಲು ಮೊಣಕಾಲುದ್ದ ನೀರಿನಲ್ಲಿ ಮನೆಮನೆಗೆ ನಡೆದವರು ನೀವು. ಅಂಥವರು ಒಂದು ಪಟ್ಟಿ ಸುತ್ತಲು ಸೋಮಾರಿತನ ಮಾಡಿದರೆಂದರೆ ನನಗೆ ನಂಬಲು ಆಗಲಿಲ್ಲ. ಸಿಟ್ಟು ಇಳಿದ ಮೇಲೆ ಉಳಿದದ್ದು ಕುತೂಹಲ. ಏನೋ ಕಾರಣ ಇರಲೇಬೇಕು, ಅದು ಏನು ಎಂದು ತಿಳಿಯಬೇಕಿತ್ತು. ಏಪ್ರಿಲ್‌ನಲ್ಲಿ ನಾನು ನಡೆಸಿದ ಶಿಬಿರದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಉತ್ತರ ಸಿಕ್ಕಿದ್ದು ಜಬೀನಾ ಟೈಲರ್ ಮನೆಯಲ್ಲಿ. ಸಾಮಿಲ್ ಬೀದಿಯ ನಡುವೆ, ಹಸಿರು ಬಾಗಿಲಿನ ಮನೆ, ನಿಮಗೆ ಗೊತ್ತಿರುತ್ತದೆ. ಚಿಕ್ಕಪ್ಪನ ಮಗಳ ಮದುವೆಗೆ ರವಿಕೆ ಹೊಲಿಸಬೇಕಿತ್ತು, ಮೇ ಕೊನೆಯಲ್ಲಿ ಒಂದು ಸಂಜೆ ಹೋದೆ. ಬಕ್ರೀದ್ ಹತ್ತಿರ ಬಂದಿತ್ತು, ಮುಂದಿನ ಕೋಣೆಯ ತುಂಬಾ ಹೆಂಗಸರು. ಒಳಗೆ ಬಂದವರು ಬಾಗಿಲು ಹಾಕಿಕೊಂಡು, ಪರದೆ ಎಳೆದು, ಬುರ್ಖಾ ಕಳಚಿ ಮೊಳೆಗೆ ನೇತುಹಾಕುತ್ತಾರೆ. ಜಬೀನಾ ಕುತ್ತಿಗೆಯಿಂದ ಟೇಪು ತೆಗೆದರೆ ಸಾಕು, ಮಾತಾಡುತ್ತಲೇ ಕೈ ಎತ್ತುತ್ತಾರೆ. ತೋಳು, ಎದೆ, ಸೊಂಟ, ಕಾಲಿನ ತುದಿ. ಅವಳು ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳುತ್ತಾಳೆ, ಇವರು ಸೊಸೆಯನ್ನೋ ಅತ್ತೆಯನ್ನೋ ಬೈಯುತ್ತಾ ನಿಂತಿರುತ್ತಾರೆ. ಐದು ತಿಂಗಳಲ್ಲಿ ನಾನು ಈ ಬೀದಿಯ ಒಂದು ಮೊಣಕೈಯನ್ನೂ ಕಂಡಿರಲಿಲ್ಲ. ಅಲ್ಲಿ ಅರ್ಧ ಗಂಟೆ ಕೂತೆ, ಒಂಬತ್ತು ಜನರ ತೋಳು ನೋಡಿದೆ.

ಆಗ ನಮ್ಮ ಶಿಬಿರ ಕಣ್ಣ ಮುಂದೆ ಬಂತು. ಅಂಗನವಾಡಿಯ ಜಗುಲಿ. ಒಳಕೋಣೆಯಲ್ಲಿ ಆಹಾರದ ಮೂಟೆ, ಮುರಿದ ತಕ್ಕಡಿ, ಯಾವುದೋ ಕಾಲದ ಪೆಟ್ಟಿಗೆಗಳು, ಹಾಗಾಗಿ ಮೇಜು ಹೊರಗೆ. ಎದುರಿಗೆ ಚಹಾ ಅಂಗಡಿ, ಅದರ ಬೆಂಚಿನ ತುಂಬಾ ಬೀದಿಯ ಗಂಡಸರು. ಮೇಜನ್ನು ಅಲ್ಲಿಡಿ ಎಂದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಗಾಳಿ ಬೆಳಕು ಚೆನ್ನಾಗಿದೆ ಎಂದಷ್ಟೇ ನೋಡಿದ್ದರು. ಮಣಿಕಟ್ಟಿನವರೆಗೆ ಬಿಗಿಯಾಗಿರುವ ತೋಳನ್ನು ಮೊಣಕೈ ದಾಟಿಸಲು ಬರುವುದಿಲ್ಲ. ಬುರ್ಖಾ ಕಳಚಬೇಕು, ಆ ಬೆಂಚಿನ ಎದುರಿಗೆ. ಇತ್ತ ವಿವರ ತುಂಬುವ ಟ್ಯಾಬಿನಲ್ಲಿ ಬಿ.ಪಿ. ಜಾಗ ಖಾಲಿ ಬಿಟ್ಟರೆ ಮುಂದಿನ ಹೆಸರು ತೆರೆಯುವುದಿಲ್ಲ. ಜಬೀನಾಳನ್ನು ಕೇಳಿದೆ. ಮೊದಮೊದಲು ನೀವು ಎಷ್ಟೋ ಒತ್ತಾಯ ಮಾಡುತ್ತಿದ್ದಿರಂತೆ. ಆಮೇಲೆ ಹೆಂಗಸರೇ, ಬಿಡಿ ಪ್ರೇಮಕ್ಕ, ಏನೋ ಒಂದು ಬರೆದುಬಿಡಿ ಎಂದರಂತೆ. ನೀವು ಅವರ ಮುಖ ನೋಡಿ, ಯಾರಿಗೂ ಮುಜುಗರ ಆಗದ ಒಂದು ಅಂಕಿಯನ್ನು ಬರೆದಿರಿ. ಸೋಮಾರಿತನ ಅಲ್ಲ, ಮರ್ಯಾದೆ ಎಂದು ಗೊತ್ತಾದಾಗ ನನಗೆ ಅರ್ಧ ಸಮಾಧಾನ, ಅರ್ಧ ಇನ್ನೂ ಹೆಚ್ಚು ಸಂಕಟ.

ಈಗ ಮುಖ್ಯ ವಿಷಯ. ಹೂ ಕಟ್ಟುವ ಖೈರುನ್ನೀಸಾ ನಿಮಗೆ ಚೆನ್ನಾಗಿ ಗೊತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಚಕ್ಕಳಮಕ್ಕಳ ಹಾಕಿ ಕೂತು ಮಲ್ಲಿಗೆ ಸೇವಂತಿಗೆ ಕಟ್ಟುತ್ತಾರೆ. ನಮ್ಮತ್ತೆ ಪೂಜೆಗೆ ತರಿಸುವ ಹೂವೂ ಅವರು ಕಟ್ಟಿದ್ದೇ ಇರಬೇಕು. ಅವತ್ತು ಅವರು ಅಳತೆ ಕೊಟ್ಟು ಹೊರಟ ಮೇಲೆ ಜಬೀನಾ ಪುಸ್ತಕ ತಿರುಗಿಸುತ್ತಾ ತನ್ನಷ್ಟಕ್ಕೇ ಏನೋ ಗೊಣಗಿದಳು. ಉದ್ದನೆಯ ನೋಟ್‌ಬುಕ್, ಒಬ್ಬೊಬ್ಬರಿಗೆ ಒಂದೊಂದು ಪುಟ, ಪ್ರತಿ ಹಬ್ಬಕ್ಕೂ ಹೊಸ ಸಾಲು. ಹನ್ನೊಂದು ವರ್ಷದ ಅಳತೆ ಅದರಲ್ಲಿದೆ. ಏನಾಯಿತು ಎಂದು ಕೇಳಿದೆ, ನನ್ನ ಮೂಗು ಎಲ್ಲ ಕಡೆ ತೂರುತ್ತದಲ್ಲ. ಖೈರುನ್ನೀಸಾ ಪುಟ ನನ್ನ ಕಡೆ ತಿರುಗಿಸಿದಳು. ರಮ್ಜಾನಿಗೆ ಹೊಲಿದಾಗ ಸಲ್ವಾರಿನ ಕಾಲಿನ ತುದಿ ಹದಿಮೂರು ಇಂಚು. ಈಗ ಹದಿನೈದೂವರೆ. ಎರಡು ತಿಂಗಳ ನಡುವೆ ಒಂದು ಸಲ ಹೊಲಿಗೆ ಬಿಚ್ಚಿಯೂ ಕೊಟ್ಟಿದ್ದಾಳೆ.

“ಭುಜ ಅಷ್ಟೇ ಇದೆ, ಸೊಂಟ ಅಷ್ಟೇ ಇದೆ” ಎಂದಳು ಜಬೀನಾ. “ಕಾಲಿಗೆ ಮಾತ್ರ ಬರೋ ಕೊಬ್ಬು ಎಲ್ಲಾದ್ರೂ ಕಂಡಿದ್ದೀರಾ ಸಿಸ್ಟರ್?”

ನರ್ಸಿಂಗ್ ಓದಿದ ನಾನು ಕೇಳಬೇಕಾದ ಪ್ರಶ್ನೆಯನ್ನು ಏಳನೇ ತರಗತಿಗೆ ಶಾಲೆ ಬಿಟ್ಟ ಅವಳು ಕೇಳಿದ್ದಳು. ನಮ್ಮ ಪುಸ್ತಕದಲ್ಲಿ ಖೈರುನ್ನೀಸಾಗೆ ಏನೂ ಆಗಿಲ್ಲ, ಅವಳ ಪುಸ್ತಕದಲ್ಲಿ ಕಾಲು ಬಾತು ಎರಡು ತಿಂಗಳಾಗಿದೆ.

ಅದರ ಮುಂದಿನ ಮಂಗಳವಾರ ಬಿ.ಪಿ. ಮಷೀನನ್ನು ಚೀಲದಲ್ಲಿಟ್ಟುಕೊಂಡು ಜಬೀನಾ ಮನೆಗೆ ಹೋದೆ. ಅವಳು ಮೊದಲೇ ಎರಡು ಮಾತು ಹೇಳಿದ್ದಳು. ಟ್ಯಾಬನ್ನು ಒಳಗೆ ತೆಗೆಯಬಾರದು, ಫೋಟೋ ಹೊಡೆಯಬಾರದು. ಶಿಬಿರ ಮಾಡಿದರೆ ಗ್ರೂಪಿಗೆ ಫೋಟೋ ಕಳಿಸಲೇಬೇಕು ಎಂಬುದು ನಿಮಗೆ ಗೊತ್ತಲ್ಲ, ನಾನು ಅವಳ ಹೊಲಿಗೆ ಯಂತ್ರದ ಫೋಟೋ ಕಳಿಸಿದೆ. ಯಾರೋ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಜಬೀನಾ ಟೇಪಿನಲ್ಲಿ ಅಳೆದು ಮುಗಿಸಿದ ತೋಳಿಗೆ ನಾನು ಪಟ್ಟಿ ಸುತ್ತುವುದು, ಇಷ್ಟೇ ವ್ಯವಸ್ಥೆ. ಯಾರೂ ಹಿಂಜರಿಯಲಿಲ್ಲ. ಹಬ್ಬ ಮುಗಿದು ಹೊಲಿಸುವವರು ಕಡಿಮೆಯಾದ ಮೇಲೂ, ಮೊನ್ನೆ ಮಂಗಳವಾರ ಬಿ.ಪಿ. ನೋಡಿಸಲೆಂದೇ ಬಂದರು. ಮೂರು ಮಂಗಳವಾರದಲ್ಲಿ ನಲವತ್ತೊಂದು ಜನ ಆದರು. ಅವರಲ್ಲಿ ಹದಿನೇಳು ಜನಕ್ಕೆ ಹೆಚ್ಚು. ಬೀದಿಯ ಕೊನೆಯ ತಮಿಳು ಮನೆಯವರೂ ಈಗ ಅಲ್ಲಿಗೇ ಬರುತ್ತಾರೆ, ಜಗುಲಿಗಿಂತ ಇಲ್ಲಿ ಕೂರಲು ಚೆನ್ನಾಗಿದೆಯಂತೆ. ಹದಿನೈದು ಜನ ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಎರಡನೇ ಮಂಗಳವಾರ ಖೈರುನ್ನೀಸಾಗೆ ಬಂದದ್ದು 198/112. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆ, 194/110. ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯಿತು. ನಮ್ಮ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟು, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಈಗಲೇ ಹೋದರೆ ಕಿಡ್ನಿ ಉಳಿಸಿಕೊಳ್ಳಬಹುದು, ತಿಂಗಳುಗಟ್ಟಲೆ ಬಿಟ್ಟರೆ ಜ್ಞಾನೇಶನ ಪಟ್ಟಿಯಲ್ಲಿ ಆರನೆಯವರಾಗುತ್ತಾರೆ. ಇದು ಜೂನ್ ಮೂರರ ಮಾತು. ಇವತ್ತಿನವರೆಗೂ ಅವರು ಹೋಗಿಲ್ಲ. ಮಾತ್ರೆಯ ಪೊಟ್ಟಣವನ್ನೂ ಬಿಚ್ಚಿಲ್ಲ.

ನಾಲ್ಕು ಸಲ ಅವರ ಮನೆಗೆ ಹೋದೆ. ಹೆದರಿಕೆ ಇರಬೇಕು, ಇಲ್ಲ ಬಸ್ಸಿನ ತೊಂದರೆ ಇರಬೇಕು, ಹೂವಿನ ಕೆಲಸ ನಿಲ್ಲುತ್ತದೆಂಬ ಚಿಂತೆ ಇರಬೇಕು ಎಂದೆಲ್ಲ ಊಹಿಸಿ ಪ್ರತಿಯೊಂದಕ್ಕೂ ಪರಿಹಾರ ಹುಡುಕಿಕೊಂಡು ಹೋಗಿದ್ದೆ. ನಾನೇ ಜೊತೆಗೆ ಬರುತ್ತೇನೆ ಎಂದೆ. ಹೂವಿನ ಕೆಲಸವನ್ನು ಎರಡು ದಿನ ಜಬೀನಾಳ ಅತ್ತಿಗೆ ನೋಡಿಕೊಳ್ಳುತ್ತಾರೆ ಎಂದೆ. ಕಾರಣ ಅದ್ಯಾವುದೂ ಅಲ್ಲ ಅಕ್ಕ. ನಾಲ್ಕನೇ ಸಲ ಅವರು ಎದ್ದು ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ನಮ್ಮ ಕೇಂದ್ರದ ಹಳದಿ ಬಿ.ಪಿ. ಕಾರ್ಡು ತಂದರು. ಆರು ವರ್ಷದ ಕಾರ್ಡು, ಒಂದು ಮೂಲೆಯೂ ಮಡಿಚಿಲ್ಲ. ಹತ್ತೊಂಬತ್ತು ಸಾಲು, ಹತ್ತೊಂಬತ್ತರಲ್ಲೂ ಅದೇ ಅಂಕಿ. ಅದನ್ನು ನನ್ನ ಕೈಗೆ ಕೊಡಲಿಲ್ಲ, ದೂರದಿಂದಲೇ ತೋರಿಸಿದರು.

“ಆರು ವರ್ಷದಿಂದ ಸರಿ ಇದೆ ಅಂತ ಪ್ರೇಮಕ್ಕ ಬರ್ದಿದ್ದಾರೆ. ನಿಮ್ಮ ಮಷೀನ್ ಬಂದು ಎರಡು ವಾರ ಆಯ್ತು. ನಾನು ಯಾವ್ದನ್ನ ನಂಬ್ಲಿ?”

ಪಟ್ಟಿಯನ್ನೇ ಸುತ್ತದೆ ಬರೆದ ಅಂಕಿ ಅದು ಎಂದು ಅವರಿಗೆ ಗೊತ್ತಿಲ್ಲವೇ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಕೇಳಿದೆ. ಅವರ ಲೆಕ್ಕವೇ ಬೇರೆ. ನೀವು ಮುಖ ನೋಡಿದರೆ, ಕೈ ಹಿಡಿದರೆ ಸಾಕು, ನಿಮಗೆ ತಿಳಿಯುತ್ತದೆ, ತಿಳಿದು ಬರೆದಿದ್ದೀರಿ ಎಂದು ಅವರು ನಂಬಿದ್ದಾರೆ. ಮೂರು ಹೆರಿಗೆಯಲ್ಲೂ ನೀವಿದ್ದಿರಂತೆ. ಮೂರನೆಯದಕ್ಕೆ ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟೇ ಮಗು ಅಡ್ಡವಾಗಿದೆ ಎಂದು ಹೇಳಿ, ಸಾಮಾನಿನ ಆಟೋದಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೆ ಓಡಿಸಿದಿರಂತೆ. ಅದು ನಿಜವಾದ ಮೇಲೆ ಇದೂ ನಿಜ. ಡಯಾಲಿಸಿಸ್‌ಗೆ ಹೋಗುವ ಆ ನಾಲ್ವರ ಮಾತು ತೆಗೆದರೆ, ಅವರ ನಸೀಬು ಎಂದು ಹೇಳಿ ಹೂವಿನ ಬುಟ್ಟಿ ಹತ್ತಿರ ಎಳೆದುಕೊಂಡರು. ಕಾರ್ಡು ತಪ್ಪು ಎಂದು ನಾನು ಹೇಳಬೇಕಿತ್ತು. ಹಳೆಯ ಮಷೀನು, ಹೊಸ ಮಷೀನು ಎಂದು ಏನೇನೋ ತೊದಲಿ ಎದ್ದು ಬಂದೆ.

ಅದಕ್ಕೇ ಈ ಕಾಗದ. ನೀವು ಒಂದು ಸಲ ಬರಬೇಕು. ಜಬೀನಾ ಕೋಣೆಯಲ್ಲಿ ಪರದೆ ಎಳೆದುಕೊಂಡು ನೀವು, ಖೈರುನ್ನೀಸಾ ಇಬ್ಬರೇ ಕೂತು ಮಾತಾಡಿ. ಈ ಅಂಕಿಯನ್ನು ಅಳೆದು ಬರೆದದ್ದಲ್ಲ, ಕೈ ಹಿಡಿದರೆ ಹೆರಿಗೆ ತಿಳಿಯಬಹುದು, ಬಿ.ಪಿ. ತಿಳಿಯುವುದಿಲ್ಲ ಎಂದು ನೀವೇ ಹೇಳಬೇಕು. ನಾನು ನೂರು ಸಲ ಹೇಳಿದರೂ ಅದು ನಿಮ್ಮ ಮೇಲೆ ಚಾಡಿ ಹೇಳಿದ ಹಾಗೆ ಕೇಳಿಸುತ್ತದೆ. ಏನು ಕೇಳುತ್ತಿದ್ದೇನೆ ಎಂದು ನನಗೆ ಗೊತ್ತು. ಇಪ್ಪತ್ತೆಂಟು ವರ್ಷ ಆ ಬೀದಿ ನಿಮ್ಮನ್ನು ಮನೆಯವರಂತೆ ಕಂಡಿದೆ. ಆ ಒಂದು ಮಾತಿನಿಂದ ಅದು ಏನಾಗುತ್ತದೋ ನನಗೆ ಗೊತ್ತಿಲ್ಲ, ಹೇಳದಿದ್ದರೆ ಖೈರುನ್ನೀಸಾ ಏನಾಗುತ್ತಾರೆ ಎಂಬುದು ಮಾತ್ರ ಗೊತ್ತು. ಈ ಅಂಕಿಗಳು ಯಾರದು ಎಂದು ಡಾಕ್ಟರು ನನ್ನನ್ನು ಕೇಳಿದರು. ಹಳೆಯವು ಸಾರ್ ಎಂದಷ್ಟೇ ಹೇಳಿದೆ. ಅದರ ಮೇಲೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಂಡಿದ್ದೇನೆ.

ಸಿಟ್ಟು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಬನ್ನಿ. ಬೇಗ ಬನ್ನಿ, ಬರುವಾಗ ವಾಷಿಂಗ್ ಮಷೀನಿನ ಕಥೆಯ ಉಳಿದದ್ದನ್ನು ಬಸ್ಸಿನಲ್ಲೇ ಬಿಟ್ಟು ಬನ್ನಿ.

ನಿಮ್ಮ ಕುರ್ಚಿಯಲ್ಲಿ ಕೂತಿರುವ,
ಸುಮನಾ

ತಾ.ಕ.
ಶನಿವಾರ, 14 ಜೂನ್

ಕಾಗದ ಎರಡು ದಿನದಿಂದ ನನ್ನ ಚೀಲದಲ್ಲೇ ಇದೆ. ಅಂಚೆ ಡಬ್ಬಿಯ ಹತ್ತಿರ ಎರಡು ಸಲ ಹೋಗಿ ವಾಪಸು ಬಂದೆ. ಏಪ್ರಿಲ್ ಶಿಬಿರದ ಮಾತಿಗೆ ಆಮೇಲೆ ಬರುತ್ತೇನೆ ಎಂದು ಬರೆದು, ಬರಲೇ ಇಲ್ಲ.

ಖೈರುನ್ನೀಸಾ ಕಾರ್ಡಿನ ಹದಿನೆಂಟು ಸಾಲು ನಿಮ್ಮದು. ಹತ್ತೊಂಬತ್ತನೆಯದು ನನ್ನದು.

ತೋಳಿನ ವಿಷಯ ನನಗೆ ಜಬೀನಾ ಮನೆಯಲ್ಲಿ ಗೊತ್ತಾದದ್ದಲ್ಲ. ಏಪ್ರಿಲ್‌ನಲ್ಲೇ ಗೊತ್ತಾಗಿತ್ತು. ಮೊದಲು ಬಂದ ಹೆಂಗಸು ಕುರ್ಚಿಯಲ್ಲಿ ಕೂತು ಚಹಾ ಅಂಗಡಿ ಕಡೆ ನೋಡಿ, ಹೋದ ಸಲದ್ದೇ ಬರೆಯಿರಿ ಎಂದು ಪಿಸುಗುಟ್ಟಿದರು. ಹಿಂದೆ ಸಾಲು ನಿಂತಿತ್ತು, ಟ್ಯಾಬು ಮುಂದಕ್ಕೆ ಹೋಗುತ್ತಿರಲಿಲ್ಲ. ಮೇಲಿನ ಸಾಲು ನೋಡಿ ಅದನ್ನೇ ಕೆಳಗೆ ಇಳಿಸಿದೆ. ಒಂದು ಗಂಟೆಯಲ್ಲಿ ಐವತ್ತೆರಡು ಜನ. ನೀವು ಆರು ವರ್ಷದಲ್ಲಿ ಕಲಿತದ್ದನ್ನು ನಾನು ಒಂದೇ ಬೆಳಿಗ್ಗೆ ಕಲಿತೆ, ನಿಮ್ಮಂತೆ ಒತ್ತಾಯವನ್ನೂ ಮಾಡಲಿಲ್ಲ. ಖೈರುನ್ನೀಸಾ ಕಾಲು ಅವತ್ತೇ ಬಾತಿರಬೇಕು, ನಾನು ಮೇಜಿನ ಕೆಳಗೆ ನೋಡಲಿಲ್ಲ. ಮೇ ಸಭೆಯಲ್ಲಿ ಪರದೆಯ ಮೇಲಿದ್ದ ಆ ಸೊನ್ನೆ ನನ್ನದು. ನೀವು ಬಂದು ಎಲ್ಲವನ್ನೂ ನಿಮ್ಮ ಮೇಲೆ ಹಾಕಿಕೊಂಡರೆ ನಾನು ಬಚಾವಾಗುತ್ತೇನೆ ಎಂಬ ಆಸೆ ಈ ಕಾಗದದ ಒಳಗಿತ್ತು. ಬರೆಯುವಾಗ ನನಗೂ ಅದು ಸರಿಯಾಗಿ ಕಂಡಿರಲಿಲ್ಲ. ನಾಚಿಕೆಯಾಗುತ್ತದೆ ಅಕ್ಕ.

ನಿನ್ನೆ ಡಾಕ್ಟರಿಗೆ ಹೇಳಿದೆ. ಬರೆದು ಕೊಡಿ ಎಂದರು, ಕೊಟ್ಟೆ. ಏನು ಮಾಡುತ್ತಾರೋ ಗೊತ್ತಿಲ್ಲ. ನನ್ನ ಒಂದು ಶಿಬಿರದ್ದನ್ನು ಮಾತ್ರ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಖೈರುನ್ನೀಸಾ ಮನೆಗೆ ಹೋಗಿ, ಕೊನೆಯ ಸಾಲು ಸುಳ್ಳು, ಅದನ್ನು ಬರೆದವಳು ನಾನು ಎಂದೆ. ಅವರ ಕೈ ಹೂವಿನ ಮೇಲೆ ನಿಂತಿತು.

“ಹಾಗಾದ್ರೆ ಮೇಲಿಂದು?”

ಅದನ್ನು ಪ್ರೇಮಕ್ಕನ ಹತ್ತಿರವೇ ಕೇಳಿ ಎಂದೆ. ಅದಕ್ಕಿಂತ ಹೆಚ್ಚು ಒಂದು ಮಾತೂ ಹೇಳಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಚಹಾ ಬೇಕಾ ಎಂದು ಕೇಳಲಿಲ್ಲ. ನಾನು ಎದ್ದಾಗ ಮಾತ್ರೆಯ ಪೊಟ್ಟಣ ತೋರಿಸಿ, ಊಟಕ್ಕೆ ಮೊದಲೋ ಆಮೇಲೋ ಎಂದು ವಿಚಾರಿಸಿದರು.

ಸೋಮವಾರ ನಾನು ಅವರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬರುತ್ತಿದ್ದೇನೆ. ಅಂಚೆ ನಂಬಿದರೆ ತಡವಾಗುತ್ತದೆಂದು ಈ ಕಾಗದವನ್ನು ನಾಳೆ ಮಧು ಅವರ ಕೈಯಲ್ಲೇ ನಿಮ್ಮ ಮನೆಗೆ ಕಳಿಸುತ್ತೇನೆ. ಬಾಗಿಲ ತನಕ ಬಂದ ಖೈರುನ್ನೀಸಾ ಎರಡೇ ಮಾತು ಕೇಳಿದರು. ಬಸ್ಸು ಎಷ್ಟು ಗಂಟೆಗೆ, ಮತ್ತೆ ಆಸ್ಪತ್ರೆ ಬಾಗಿಲಲ್ಲಿ ಪ್ರೇಮಕ್ಕ ಇರ್ತಾರಾ ಎಂದು. ಬಸ್ಸು ಎಂಟೂವರೆಗೆ ಎಂದೆ. ಇನ್ನೊಂದು ಪ್ರಶ್ನೆಯನ್ನು ಈ ಕಾಗದದ ಜೊತೆ ನಿಮಗೇ ಕಳಿಸುತ್ತಿದ್ದೇನೆ.